ಹದಿನಾರು ತಿಂಗಳ ಬಳಕೆಯ ನಂತರ: ಏಜೆಂಟರ ದಿನಚರಿಗೊಂದು ಆ್ಯಪ್

ಮೈಸೂರಿನಲ್ಲಿ ಸೈಟು ಮತ್ತು ಮನೆಗಳ ವ್ಯಾಪಾರ ಮಾಡಿಸುವ ಏಜೆಂಟ್ ನಾನು. ಪಾರ್ಟಿಗಳ ಹೆಸರು, ಭೇಟಿಯ ಸಮಯ, ಮತ್ತೆ ಫೋನ್ ಮಾಡಬೇಕಾದ ದಿನ ಇವೆಲ್ಲವನ್ನೂ ಒಂದೆಡೆ ಇಡುವ, ನಮ್ಮ ಕಸುಬಿನವರಿಗೆಂದೇ ಮಾಡಿದ ಆ್ಯಪೊಂದನ್ನು ತಿಂಗಳಿಗೆ 249 ರೂಪಾಯಿ ಕಟ್ಟಿ ಹದಿನಾರು ತಿಂಗಳಿಂದ ಬಳಸುತ್ತಿದ್ದೇನೆ. ಅದರ ಸೌಲಭ್ಯಗಳ ಪಟ್ಟಿ ಪ್ಲೇ ಸ್ಟೋರಿನಲ್ಲೇ ಇರುವುದರಿಂದ ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ನನಗೆ ಬಹಳ ಹಿಡಿಸಿದ್ದು ಧ್ವನಿ ಟಿಪ್ಪಣಿ. ಸೈಟು ನೋಡಿದವರು ಕಾರು ಹತ್ತಿ ಹೊರಟ ಮೇಲೆ ನಾನು ಸ್ಕೂಟರನ್ನು ಮರದ ನೆರಳಿಗೆ ತಂದು ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಳ್ಳುವ ಮೊದಲೇ ಅವರ ಹೆಸರಿನ ಪಕ್ಕದ ಮೈಕಿನ ಗುರುತನ್ನು ಒತ್ತಿ ಅರ್ಧ ನಿಮಿಷ ಮಾತಾಡುತ್ತೇನೆ: "ಉತ್ತರ ದಿಕ್ಕಿನ 30×40 ಹಿಡಿಸಿದೆ, ರಸ್ತೆ ಕಿರಿದಾಯಿತು ಎನ್ನುತ್ತಾರೆ, ಮನೆಯವರನ್ನು ಕರೆತರುತ್ತಾರಂತೆ, ಗುರುವಾರ ಸಂಜೆ ಫೋನ್ ಮಾಡಬೇಕು." ಮೊದಲೆಲ್ಲ ರಾತ್ರಿ ಬರೆದರಾಯಿತೆಂದು ಬಿಡುತ್ತಿದ್ದೆ, ರಾತ್ರಿಯ ಹೊತ್ತಿಗೆ ನಾಲ್ಕು ಪಾರ್ಟಿಗಳ ಮಾತು ಒಂದರೊಳಗೊಂದು ಕಲೆತು, ಪೂರ್ವ ದಿಕ್ಕು ಕೇಳಿದವರಿಗೆ ದಕ್ಷಿಣದ ಸೈಟು ಹೇಳಿ ಬೇಸರಪಡಿಸಿದ್ದೂ ಉಂಟು. ಈಗ ಗುರುವಾರ ಫೋನ್ ಮಾಡುವ ಮುಂಚೆ ನನ್ನ ದನಿಯನ್ನೇ ಒಮ್ಮೆ ಕೇಳಿಕೊಂಡರೆ ಆ ಮನೆಯವರ ಮುಖವೂ ಮಾತೂ ಕಣ್ಣೆದುರು ಬರುತ್ತವೆ.

ವಾರವನ್ನು ದಿಕ್ಕಿನಂತೆ ಹಂಚಿಕೊಳ್ಳಲು ಕಲಿತದ್ದೂ ಇದರ ಕ್ಯಾಲೆಂಡರಿನಲ್ಲೇ. ಹೊರವರ್ತುಲ ರಸ್ತೆಯೇ ಸುಮಾರು 42 ಕಿಲೋಮೀಟರ್ ಇರುವ ಊರಿನಲ್ಲಿ ಬೆಳಗ್ಗೆ ಪಶ್ಚಿಮದ ಬೋಗಾದಿ, ಮಧ್ಯಾಹ್ನ ಪೂರ್ವದ ಆಲನಹಳ್ಳಿ, ಸಂಜೆ ಮತ್ತೆ ಪಶ್ಚಿಮದ ಕಡೆಯ ಇಲವಾಲ ಎಂದು ಓಡಿದರೆ ಪೆಟ್ರೋಲೂ ಹೋಗುತ್ತದೆ, ದಿನವೂ ಹೋಗುತ್ತದೆ. ಹಾಗಾಗಿ ಸೋಮವಾರ ಮತ್ತು ಗುರುವಾರ ಹುಣಸೂರು ರಸ್ತೆಯ ಕಡೆ, ಮಂಗಳವಾರ ಲಲಿತಾದ್ರಿಪುರ, ಆಲನಹಳ್ಳಿಗಳ ಕಡೆ ಎಂದು ಬಣ್ಣ ಹಚ್ಚಿಟ್ಟಿದ್ದೇನೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ಆ ಹೊತ್ತಿನಲ್ಲಿ ಟೋಕನ್ ಅಡ್ವಾನ್ಸ್ ಕೊಡಲು ನಮ್ಮ ಕಡೆಯವರು ಒಪ್ಪುವುದಿಲ್ಲವಾದ್ದರಿಂದ ಅದನ್ನು ಇಸಿಗೆ (ಆಸ್ತಿಯ ಋಣಭಾರ ಪತ್ರಕ್ಕೆ) ಅರ್ಜಿ ಹಾಕುವುದು, ಇ-ಖಾತೆಯ (ಆಸ್ತಿಯ ಡಿಜಿಟಲ್ ಖಾತೆಯ) ಪ್ರತಿ ಪರಿಶೀಲಿಸುವುದು ಮುಂತಾದ ಕಾಗದಪತ್ರದ ಕೆಲಸಕ್ಕೆ ಖಾಯಂ ಮಾಡಿದ್ದೇನೆ. 2023ರಲ್ಲಿ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಾದ ಕಾವೇರಿ 2.0 ಬಂದ ಮೇಲೆ ನೋಂದಣಿಯ ಸಮಯವನ್ನು ಆನ್‌ಲೈನಿನಲ್ಲೇ ಕಾಯ್ದಿರಿಸಬಹುದಾದರೂ, ಕ್ರಯಪತ್ರವಿರುವ ದಿನ ಮಧ್ಯಾಹ್ನದವರೆಗೆ ಬೇರೆ ಯಾರಿಗೂ ಸಮಯ ಕೊಡುವುದಿಲ್ಲ.

ಇಷ್ಟೆಲ್ಲವನ್ನೂ ಆ್ಯಪಿಗೆ ಒಪ್ಪಿಸಿದ ಮೇಲೆಯೇ ಅದು ನನ್ನ ಕೈಬಿಟ್ಟಿತು. ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಶ್ರೀರಾಂಪುರದ ಸೈಟು ನೋಡಲು ಬೆಂಗಳೂರಿನಿಂದ ಒಂದು ಕುಟುಂಬ ಬರುವುದಿತ್ತು. ಒಂಬತ್ತು ಗಂಟೆಗೆ ರಿಮೈಂಡರ್ ಹೊಡೆಯಬೇಕಿತ್ತು, ಹೊಡೆಯಲಿಲ್ಲ. ಇಲವಾಲದಲ್ಲಿ ಇನ್ನೊಬ್ಬರಿಗೆ ಮನೆ ತೋರಿಸುತ್ತಿದ್ದ ನನಗೆ ಹತ್ತೂಕಾಲಿಗೆ ಅವರ ಫೋನ್ ಬಂದಾಗಲೇ ಎಚ್ಚರವಾದದ್ದು. ನಾನು ತಲುಪುವಷ್ಟರಲ್ಲಿ ಅವರ ವಯಸ್ಸಾದ ತಾಯಿ ನೆರಳಿಲ್ಲದ ಲೇಔಟಿನಲ್ಲಿ, ಗಡಿಕಲ್ಲಿನ ಮೇಲೆ ಸೆರಗು ತಲೆಗೆ ಹೊದ್ದು ಕುಳಿತಿದ್ದರು. "ಸಮಯ ಕೊಟ್ಟವರು ನೀವೇ ಅಲ್ಲವೇ ಸರ್?" ಎಂದಷ್ಟೇ ಮಗ ಕೇಳಿದರು. ನಾನು ಆ ತಾಯಿಯ ಬಳಿ ಕ್ಷಮೆ ಕೇಳಿದೆ. ಸೈಟು ಅವರಿಗೆ ಹಿಡಿಸಿತ್ತೆಂದು ನನಗೆ ಗೊತ್ತು, ಆದರೆ ಮುಂದೆ ಅವರು ನನ್ನ ಕರೆ ತೆಗೆಯಲಿಲ್ಲ.

ದೂರು ಬರೆದ ನಾಲ್ಕು ದಿನಗಳ ಮೇಲೆ, ಫೋನಿನ ಬ್ಯಾಟರಿ ಉಳಿಸುವ ವ್ಯವಸ್ಥೆಯೇ ಆ್ಯಪನ್ನು ನಿಲ್ಲಿಸಿರಬೇಕು ಎಂದು ಕಂಪನಿಯವರ ಉತ್ತರ ಬಂತು. ಅದು ಸರಿಯೇ, ಹಲವು ಆಂಡ್ರಾಯ್ಡ್ ಫೋನುಗಳು ತೆರೆಯದೇ ಬಿಟ್ಟ ಆ್ಯಪ್‌ಗಳನ್ನು ಹಿಂದಿನಿಂದ ಮುಚ್ಚಿಬಿಡುತ್ತವೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಆ ಆ್ಯಪಿನ ಬ್ಯಾಟರಿ ವಿಭಾಗಕ್ಕೆ ಹೋಗಿ 'ಅನ್‌ರಿಸ್ಟ್ರಿಕ್ಟೆಡ್' ಎಂದು ಆರಿಸಿದ ಮೇಲೆ ಏಳು ತಿಂಗಳಲ್ಲಿ ಒಂದು ರಿಮೈಂಡರೂ ತಪ್ಪಿಲ್ಲ. ಆದರೆ ಸಮಯಕ್ಕೆ ಕರೆದು ಹೇಳುವುದೇ ಕಸುಬಾಗಿರುವ ಆ್ಯಪು ಈ ಮಾತನ್ನು ಮೊದಲ ದಿನವೇ, ಮೊದಲ ಪರದೆಯಲ್ಲೇ ತಿಳಿಸಬೇಕಿತ್ತು ಎಂಬ ನನ್ನ ಅಸಮಾಧಾನ ಇನ್ನೂ ಹೋಗಿಲ್ಲ.

ಈಗ ರಾತ್ರಿ ಊಟವಾದ ಮೇಲೆ ಮರುದಿನದ ಭೇಟಿಗಳನ್ನು ಆ್ಯಪಿನಿಂದ ನೋಡಿ ಜೇಬಿನ ಪುಟ್ಟ ಪುಸ್ತಕಕ್ಕೆ ಪೆನ್ಸಿಲಿನಲ್ಲಿ ಇಳಿಸಿಕೊಳ್ಳುತ್ತೇನೆ. ಹತ್ತು ನಿಮಿಷದ ಕೆಲಸ. ಹೊರ ಊರಿನಿಂದ ಬರುವವರಿದ್ದರೆ ಗಡಿಯಾರದ ಅಲಾರಂ ಬೇರೆಯಾಗಿ ಇಡುತ್ತೇನೆ. ಕಮಿಷನ್ ಬರುವ ತಿಂಗಳೂ ಇದೆ, ಆಷಾಢದಂತೆ ಬರಿಗೈಯ ತಿಂಗಳೂ ಇದೆ. ಆದ್ದರಿಂದ ರಿಯಾಯಿತಿ ಇದ್ದರೂ ವರ್ಷದ ಚಂದಾ ಕಟ್ಟಿಲ್ಲ, ತಿಂಗಳ ಲೆಕ್ಕದಲ್ಲೇ ಮುಂದುವರಿಸಿದ್ದೇನೆ. ಧ್ವನಿ ಟಿಪ್ಪಣಿಗಾಗಿ ನಾಲ್ಕು ನಕ್ಷತ್ರ ಕೊಡಬೇಕೆಂದಿದ್ದೆ, ಆ ಭಾನುವಾರಕ್ಕಾಗಿ ಮೂರು ಕೊಟ್ಟಿದ್ದೇನೆ.