ಕಲಬುರಗಿಯ ಬಿಸಿಲಿಗೆ ಯಾವ ಯುಕುಲೆಲೆ: ಸೊಪ್ರಾನೊ, ಕನ್ಸರ್ಟ್, ಟೆನರ್

ಶಾಲೆಯ ಪ್ರಾರ್ಥನೆಗೂ ವಚನಗಾಯನಕ್ಕೂ ಹಾರ್ಮೋನಿಯಂ ಹೊತ್ತು ತಿರುಗುವುದು ಸಾಕಾಗಿ, ಹೆಗಲಿಗೆ ಹಾಕಿಕೊಂಡು ಹೋಗಬಹುದಾದ ವಾದ್ಯವೊಂದನ್ನು ಹುಡುಕುತ್ತಿದ್ದ ನಾನು, ಕಲಬುರಗಿಯ ಸೂಪರ್ ಮಾರ್ಕೆಟ್ ಭಾಗದ ವಾದ್ಯದಂಗಡಿಯೊಂದರಲ್ಲಿ ಪುಟ್ಟ ಗಿಟಾರಿನಂತಿರುವ ನಾಲ್ಕು ತಂತಿಯ ಯುಕುಲೆಲೆಯ ಮೂರು ಅಳತೆಗಳನ್ನು ನುಡಿಸಿ ನೋಡಿದೆ. ಬ್ಯಾರಿಟೋನ್ ಎಂಬ ನಾಲ್ಕನೆಯದೂ ಇದೆಯಾದರೂ, ಅದರ ಶ್ರುತಿ ಗಿಟಾರಿನ ಮೇಲಿನ ಸ್ವರದ ನಾಲ್ಕು ತಂತಿಗಳದ್ದಾಗಿರುವುದರಿಂದ ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಉಳಿದ ಮೂರಕ್ಕೂ ಶ್ರುತಿ ಒಂದೇ: ಜಿ, ಸಿ, ಇ, ಎ. ನಮ್ಮ ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ಒಂದನ್ನು, ಅಂದರೆ ಸಿ ಸ್ವರವನ್ನು, ಷಡ್ಜವೆಂದು ಹಿಡಿದರೆ ಬಿಟ್ಟ ತಂತಿಗಳಲ್ಲಿಯೇ ಪ, ಸ, ಗ, ಧ ಸಿಗುತ್ತವೆ. ಸಿ ತಂತಿಯ ಎರಡನೆಯ ಫ್ರೆಟ್ಟಿನಲ್ಲಿ (ಫ್ರೆಟ್ಟೆಂದರೆ ಕುತ್ತಿಗೆಯ ಮೇಲಿನ ಲೋಹದ ಅಡ್ಡಕಂಬಿ) ರಿಷಭವನ್ನು ಒತ್ತಿದರೆ ಭೂಪ ರಾಗದ ಐದೂ ಸ್ವರಗಳು ಕೈಗೆ ಬಂದಂತೆ. ಹಾಡುವವರ ಶ್ರುತಿ ಕಪ್ಪು ಒಂದಾಗಿದ್ದರೆ ಮೊದಲ ಫ್ರೆಟ್ಟಿಗೆ ಕ್ಯಾಪೊ, ಅಂದರೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು, ಹಾಕಿದರಾಯಿತು. ಆದ್ದರಿಂದ ವ್ಯತ್ಯಾಸವಿರುವುದು ಸ್ವರಗಳಲ್ಲಲ್ಲ, ತಂತಿಯ ಉದ್ದದಲ್ಲಿ: ಸೊಪ್ರಾನೊದಲ್ಲಿ ಸುಮಾರು 13 ಇಂಚು, ಕನ್ಸರ್ಟ್‌ನಲ್ಲಿ 15, ಟೆನರ್‌ನಲ್ಲಿ 17.

ಅಂಗಡಿಯವರು ಮೊದಲು ಕೈಗಿತ್ತದ್ದು ಸೊಪ್ರಾನೊ. "ಇದು ಛಲೋ ಅದ ನೋಡ್ರಿ ಸರ್, ಸಣ್ಣ ಹುಡುಗರಿಗೆ ಇದೇ ಸಾಕ್ರಿ" ಎಂದರು. ಬೆಲೆ ಕಡಿಮೆ, ಬಣ್ಣ ಚೆಂದ, ನೋಡಿದ ಕೂಡಲೇ ಕೊಳ್ಳಬೇಕೆನಿಸುವ ವಾದ್ಯ. ಆದರೆ ಬಿಟ್ಟ ತಂತಿಯನ್ನು ಮೀಟಿ, ಅನಂತರ ಅದೇ ತಂತಿಯನ್ನು ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಮೀಟಿದಾಗ ಅದರ ಗುಟ್ಟು ಹೊರಬಿತ್ತು. ಅಲ್ಲಿ ತಾರ ಸಪ್ತಕದ ಅದೇ ಸ್ವರ ಕೇಳಬೇಕು. ಕೇಳಿದ್ದು ಕಿವಿಗೆ ಚುಚ್ಚುವಷ್ಟು ಏರಿದ ಸ್ವರ. ತಂತಿ ಗಿಡ್ಡವಾಗಿದ್ದು ಶ್ರುತಿ ಅದೇ ಆಗಿದ್ದರೆ ಬಿಗಿ ಕಡಿಮೆ ಇರಲೇಬೇಕಾಗುತ್ತದೆ, ಸಡಿಲ ತಂತಿಯನ್ನು ಬೆರಳು ಸ್ವಲ್ಪ ಜೋರಾಗಿ ಒತ್ತಿದರೂ ಸ್ವರ ಮೇಲೇರುತ್ತದೆ. ಅಗ್ಗದ ವಾದ್ಯದಲ್ಲಿ ತಂತಿಗಳು ಫ್ರೆಟ್ಟಿನಿಂದ ಎತ್ತರದಲ್ಲಿಯೂ ಇರುವುದರಿಂದ ಈ ದೋಷ ಇಮ್ಮಡಿಯಾಗುತ್ತದೆ. ಬಿರಡೆಗಳು ಹಲ್ಲುಗಾಲಿಯಿಲ್ಲದೆ ಬರಿಯ ತಿರುಪಿನ ಬಿಗಿಯಿಂದ ನಿಲ್ಲುವಂಥವು. ಮಕ್ಕಳ ಕೈಗೆ ಸಿಕ್ಕರೆ ಶ್ರುತಿ ಹತ್ತು ನಿಮಿಷ ನಿಲ್ಲುವುದು ಕಷ್ಟ. ಎಲ್ಲ ಸೊಪ್ರಾನೊಗಳೂ ಹೀಗೆಯೇ ಎಂದು ನಾನು ಹೇಳುವುದಿಲ್ಲ, ಆದರೆ ಈ ಬೆಲೆಗೆ ಸಿಗುವುದು ಬಹುಮಟ್ಟಿಗೆ ಇಂಥದ್ದೇ.

ಟೆನರ್ ಇದಕ್ಕೆ ತದ್ವಿರುದ್ಧ. ಮಹಾಗನಿಯ ಒಂದೇ ಹಲಗೆಯ ಮೇಲ್ಮೈ, ಜಿ ತಂತಿಯ ಸ್ಥಾನದಲ್ಲಿ ಕೆಳಗಿನ ಸಪ್ತಕದ ಜಿ. ಸಾಮಾನ್ಯ ಯುಕುಲೆಲೆಯಲ್ಲಿ ಜಿ ತಂತಿಯ ಸ್ವರ ಸಿ ತಂತಿಯದಕ್ಕಿಂತ ಮೇಲಿರುತ್ತದೆ. ಇಲ್ಲಿ ಅದು ಮಂದ್ರ ಪಂಚಮವಾಗುವುದರಿಂದ, ವಚನ ಹಾಡುವಾಗ ತಂಬೂರಿಯ ಆಸರೆಯ ನೆನಪಾಗುವಂಥ ಗಾಂಭೀರ್ಯ ಬರುತ್ತದೆ. ನಾದದ ಮಟ್ಟಿಗೆ ಮೂರರಲ್ಲಿ ಇದೇ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಅಡ್ಡಿ ನಮ್ಮ ಹವೆಯದು. ಮದೀರಾ ದ್ವೀಪದಿಂದ 1879ರಲ್ಲಿ ಹವಾಯಿಗೆ ಬಂದ ಪೋರ್ಚುಗೀಸ್ ವಲಸಿಗರ ಪುಟ್ಟ ತಂತಿವಾದ್ಯದಿಂದ ರೂಪುಗೊಂಡ ಯುಕುಲೆಲೆ, ಕಡಲ ಗಾಳಿಯ ಊರಿನದು. ಇಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ. ಒಂದೇ ಹಲಗೆಯ ವಾದ್ಯಗಳಿಗೆ ತೇವಾಂಶ ಶೇ. 45ರಿಂದ 55ರ ಆಸುಪಾಸಿನಲ್ಲಿರಬೇಕೆಂಬುದು ಸಾಮಾನ್ಯ ಸಲಹೆ. ನಮ್ಮ ಮನೆಗಳಲ್ಲಿ ಕೂಲರ್ ನಡೆಯುವಷ್ಟು ಹೊತ್ತು ಕೋಣೆ ತೇವಗೊಳ್ಳುತ್ತದೆ, ಕರೆಂಟು ಹೋದರೆ ಮತ್ತೆ ಒಣಗುತ್ತದೆ. ಈ ಹಿಗ್ಗುವ ಕುಗ್ಗುವ ಆಟದಲ್ಲಿ ಹಲಗೆ ಸೀಳುವ ಭಯವಿದೆ. ಪೆಟ್ಟಿಗೆಯಲ್ಲಿ ತೂತು ಕೊರೆದ ಸಾಬೂನು ಡಬ್ಬಿಯೊಳಗೆ ಒದ್ದೆ ಸ್ಪಂಜು ಇಟ್ಟು ಕಾಪಾಡಬಹುದು, ಆದರೆ ಶಾಲೆಯ ಕಪಾಟಿನಲ್ಲಿ ಅದನ್ನು ಯಾರು ನೋಡಿಕೊಳ್ಳಬೇಕು?

ಹೀಗಾಗಿ ನಾನು ಕೊಂಡದ್ದು ಕನ್ಸರ್ಟ್ ಅಳತೆಯ ಲ್ಯಾಮಿನೇಟ್ ವಾದ್ಯ. ತೆಳು ಪದರಗಳನ್ನು ಎಳೆಗಳು ಅಡ್ಡಡ್ಡ ಬರುವಂತೆ ಅಂಟಿಸಿರುವುದರಿಂದ ಅದು ಹವೆಯ ಏರಿಳಿತಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ನಾದ ಟೆನರಿನಷ್ಟು ಹೊತ್ತು ನಿಲ್ಲುವುದಿಲ್ಲವೆಂಬುದು ನಿಜ. ಆದರೆ ಹನ್ನೆರಡನೆಯ ಫ್ರೆಟ್ಟಿನ ಪರೀಕ್ಷೆಯಲ್ಲಿ ನಾಲ್ಕೂ ತಂತಿಗಳು ಸರಿಬಂದವು, ಬಿರಡೆಗಳಿಗೆ ಹಲ್ಲುಗಾಲಿಯಿದೆ, ಫ್ರೆಟ್ಟುಗಳ ನಡುವೆ ನನ್ನ ದಪ್ಪ ಬೆರಳುಗಳಿಗೂ ಏಳನೆಯ ತರಗತಿಯ ಮಕ್ಕಳ ಬೆರಳುಗಳಿಗೂ ಜಾಗವಿದೆ. ಕೊಳ್ಳುವವರು ಕುತ್ತಿಗೆಯ ಎರಡೂ ಅಂಚುಗಳ ಮೇಲೆ ಬೆರಳಾಡಿಸಿ ನೋಡಬೇಕು. ಒಣ ಹವೆಯಲ್ಲಿ ಮರ ಕುಗ್ಗಿದ್ದರೆ ಫ್ರೆಟ್ಟಿನ ತುದಿಗಳು ಹೊರಚಾಚಿ ಕೈಗೆ ತರಚುತ್ತವೆ. ಮಂದ್ರ ಪಂಚಮದ ಆಸೆ ಮಾತ್ರ ಉಳಿದಿದೆ. ಕನ್ಸರ್ಟ್‌ಗೆ ಹೊಂದುವ ಕೆಳಗಿನ ಜಿ ತಂತಿ ಬೇರೆಯಾಗಿ ಸಿಗುತ್ತದೆ, ಅದನ್ನು ತರಿಸಿಕೊಡಲು ಅಂಗಡಿಯವರಿಗೆ ಹೇಳಿ ಬಂದಿದ್ದೇನೆ.