ಕಲಬುರಗಿ ಪಾರ್ಲರ್‌ನಿಂದ ಗೋವಾಕ್ಕೋ, ಮಾಲ್ಡೀವ್ಸ್‌ಗೋ?

ಕಲಬುರಗಿಯ ಪಾರ್ಲರ್‌ಗಳಲ್ಲಿ ಕೈ ಪಳಗಿದ ಹುಡುಗಿಯರು ಕಡಲ ಕಡೆ ಕೆಲಸಕ್ಕೆ ಹೊರಟರೆ ಹೆಚ್ಚಾಗಿ ಕೇಳಿಬರುವ ಹೆಸರು ಎರಡು: ಗೋವಾ, ಮಾಲ್ಡೀವ್ಸ್. ಎರಡೂ ಕಡೆ ಕೆಲಸ ಮಾಡಿ ನೋಡಿದ ಮೇಲೆ ನಮ್ಮ ಮಾತು ಇಷ್ಟು: ಮೊದಲು ಗೋವಾದಲ್ಲಿ ಒಂದು ಸೀಸನ್ ಮುಗಿಸಿ, ಆಮೇಲೆ ಮಾಲ್ಡೀವ್ಸ್. ಇದಕ್ಕೆ ಸಂಬಳಕ್ಕಿಂತ ದೊಡ್ಡ ಕಾರಣ ಹವೆ: ಕಡಲ ತೇವಕ್ಕೆ ಕೈ ಒಗ್ಗಿಸಿಕೊಳ್ಳುವುದು ಗೋವಾದಲ್ಲೇ ಆಗಲಿ.

ನಮ್ಮಲ್ಲಿ ಬೇಸಿಗೆ 42 ಡಿಗ್ರಿ ದಾಟಿದರೂ ಅದು ಒಣ ಝಳ, ಬೆವರು ಬೇಗ ಆರುತ್ತದೆ. ಕಡಲ ತೀರದಲ್ಲಿ 30 ಡಿಗ್ರಿಗೇ ಮೈಯೆಲ್ಲ ಪಸೆ. ಊರಲ್ಲಿ ಸಲೀಸಾಗಿ ಬರುವ ಸಕ್ಕರೆ-ನಿಂಬೆಯ ವ್ಯಾಕ್ಸ್ ಅಲ್ಲಿ ಕೈಕೊಡುವುದು ಇದಕ್ಕೇ. ಸಕ್ಕರೆ ತೇವ ಹೀರಿ ಮೆತ್ತಗಾಗುತ್ತದೆ. ಪಟ್ಟಿ ಎಳೆದರೆ ಕೂದಲು ಅಲ್ಲೇ ಉಳಿದು ವ್ಯಾಕ್ಸ್ ಮಾತ್ರ ನೂಲುನೂಲಾಗಿ ತೋಳಿಗೆ ಅಂಟಿಕೊಳ್ಳುತ್ತದೆ. ಸಿಟ್ಟಿನಲ್ಲಿ ಅದೇ ಜಾಗಕ್ಕೆ ಮೂರನೇ ಸಲ ಪಟ್ಟಿ ಹಾಕಿದಿರೋ, ಚರ್ಮವೇ ಕಿತ್ತು ಬರುತ್ತದೆ.

ಅಲ್ಲಿಗೆ ರಾಳ ಬೆರೆತ, ಎಣ್ಣೆಯಲ್ಲಿ ಕರಗುವ ವ್ಯಾಕ್ಸೇ ಸರಿ. ಗಿರಾಕಿಯನ್ನು ಏಸಿಯಲ್ಲಿ 10 ನಿಮಿಷ ಕೂರಿಸಿ ಬೆವರು ಆರಲು ಬಿಡಿ. ಪ್ರಿ-ವ್ಯಾಕ್ಸ್ ಜೆಲ್ ಹಚ್ಚಿ, ಟಿಶ್ಯೂನಿಂದ ಒತ್ತಿ ಒರೆಸಿ, ಚಿಟಿಕೆ ಪೌಡರ್ ಸವರಿ. ಬೆಳ್ಳಗೆ ಕಾಣುವಷ್ಟು ಪೌಡರ್ ಬಿದ್ದರೆ ವ್ಯಾಕ್ಸ್ ಹಿಡಿಯುವುದೇ ಇಲ್ಲ. ಬಿಸಿಯನ್ನು ನಿಮ್ಮ ಮಣಿಕಟ್ಟಿನ ಒಳಬದಿಗೆ ಹಚ್ಚಿ ನೋಡಿಕೊಳ್ಳಿ. ಕೂದಲು ಬೆಳೆದ ದಿಕ್ಕಿಗೆ ತೆಳುವಾಗಿ ಹಚ್ಚಿ, ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿದು, ಎದುರು ದಿಕ್ಕಿಗೆ ಮೈಗೆ ತಾಗಿದಂತೆಯೇ ಎಳೆಯಿರಿ. ಮೇಲಕ್ಕೆ ಎತ್ತಿ ಎಳೆದರೆ ಕೂದಲು ಮುರಿಯುತ್ತದೆ. ಉಳಿದ ಅಂಟು ನೀರಿಗೆ ಹೋಗುವುದಿಲ್ಲ, ಎಣ್ಣೆ ಬೇಕು.

ಗೋವಾದಲ್ಲಿ ನಮ್ಮ ದೇಶದ ಗಿರಾಕಿಗಳೇ ಹೆಚ್ಚು. ಹಾಗಾಗಿ ಥ್ರೆಡ್ಡಿಂಗ್, ಫೇಶಿಯಲ್, ಮದುವೆ ಮೇಕಪ್ ಎಲ್ಲಕ್ಕೂ ಕೆಲಸ ಉಂಟು. ಊರಿನ ಕಲಿಕೆ ವ್ಯರ್ಥವಾಗದು. ಮಾಲ್ಡೀವ್ಸ್ ರೆಸಾರ್ಟ್‌ಗಳ ಲೆಕ್ಕವೇ ಬೇರೆ. ಅಲ್ಲಿ ಬ್ಯೂಟಿಷಿಯನ್ ಅಂದರೆ ಥೆರಪಿಸ್ಟ್, ದಿನದ ಹೆಚ್ಚು ಹೊತ್ತು ಹೋಗುವುದು 60, 90 ನಿಮಿಷದ ಮಸಾಜ್‌ಗೆ. ಥ್ರೆಡ್ಡಿಂಗ್ ಒಂದನ್ನೇ ನಂಬಿ ಹೋದರೆ ಟ್ರೇಡ್ ಟೆಸ್ಟ್‌ನಲ್ಲೇ (ಕೆಲಸ ಕೊಡುವ ಮೊದಲು ಕೈಚಳಕ ಮಾಡಿಸಿ ನೋಡುವ ಪರೀಕ್ಷೆ) ನಪಾಸು. ಬರೀ ಹೆಬ್ಬೆರಳಿನಿಂದ ಒತ್ತುವ ಚಾಳಿ ಈಗಲೇ ಬಿಡಿ. ಮುಂಗೈ, ಮೊಣಕೈ ಬಳಸದಿದ್ದರೆ ಕೆಲವೇ ತಿಂಗಳಲ್ಲಿ ಹೆಬ್ಬೆರಳಿನ ಕೀಲು ನೋಯತೊಡಗುತ್ತದೆ.

ಬಿಸಿಲಿಗೆ ಸುಟ್ಟು ಕೆಂಪಾದ ಮೈ ಎರಡೂ ಕಡೆ ಸಿಗುತ್ತದೆ. ಅದಕ್ಕೆ ವ್ಯಾಕ್ಸ್, ಸ್ಕ್ರಬ್, ಗ್ಲೈಕಾಲಿಕ್ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ತೆಗೆಯುವುದು) ಯಾವುದೂ ಬೇಡ; ತಂಪು ಬಟ್ಟೆ, ಲೋಳೆಸರದ ಜೆಲ್ ಸಾಕು. ಮುಖಕ್ಕೆ ವ್ಯಾಕ್ಸ್ ಹಚ್ಚುವ ಮೊದಲು ರೆಟಿನಾಲ್ (ಮೊಡವೆ, ಸುಕ್ಕಿಗೆ ಹಚ್ಚುವ ಕ್ರೀಮ್‌ಗಳಲ್ಲಿರುವ ವಸ್ತು) ಬಳಸುತ್ತಾರಾ ಎಂದು ಕೇಳಲೇಬೇಕು, ಅಂಥ ಚರ್ಮ ಪಟ್ಟಿಯ ಜೊತೆ ಎದ್ದು ಬರುತ್ತದೆ.

ಗೋವಾಕ್ಕೆ ಆಧಾರ್, ಸರ್ಟಿಫಿಕೇಟ್ ಸಾಕು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಗಿರಾಕಿ ಕಡಿಮೆ. ಆ ತಿಂಗಳುಗಳ ಸಂಬಳ ಎಷ್ಟೆಂದು ಮೊದಲೇ ಬರೆಸಿಕೊಳ್ಳಿ. ಮಾಲ್ಡೀವ್ಸ್‌ಗೆ ಪಾಸ್‌ಪೋರ್ಟ್ ಬೇಕು. ಕಲಬುರಗಿಯಲ್ಲೇ ಅರ್ಜಿ ಕೊಡಬಹುದು, 36 ಪುಟದ್ದಕ್ಕೆ 1,500 ರೂಪಾಯಿ. ನಿಜವಾದ ಅಪಾಯ ಇರುವುದು ವೀಸಾದಲ್ಲಿ. ಅಲ್ಲಿ ಇಳಿದೊಡನೆ ಪ್ರವಾಸಿ ವೀಸಾ ಪುಕ್ಕಟೆ ಸಿಗುತ್ತದೆ, ಅದಕ್ಕೇ ಏಜೆಂಟರು ‘ಮೊದಲು ಹೋಗಮ್ಮ, ಪರ್ಮಿಟ್ ಆಮೇಲೆ ಆಗ್ತದ’ ಅನ್ನುತ್ತಾರೆ. ಹೋಗಬೇಡಿ. ಪ್ರವಾಸಿ ವೀಸಾದ ಮೇಲೆ ದುಡಿಯುವುದು ಅಲ್ಲಿ ಅಪರಾಧ. ಮಾಲೀಕರು ತೆಗೆಸಿದ ಕೆಲಸದ ಅನುಮತಿ ಪತ್ರ ಕೈಗೆ ಬಂದ ಮೇಲೆಯೇ ವಿಮಾನ ಹತ್ತಿ. ಏಜೆಂಟರ ನೋಂದಣಿಯನ್ನು ವಿದೇಶದ ಕೆಲಸಕ್ಕೆಂದೇ ಕೇಂದ್ರ ಸರ್ಕಾರ ನಡೆಸುವ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿಕೊಳ್ಳಿ. ನೋಂದಾಯಿತರು 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರಿ ಕೇಳುವಂತಿಲ್ಲ. ಡಾಲರ್ ಸಂಬಳದ ಜೊತೆಗೆ ಬಿಲ್ ಮೇಲಿನ 10% ಸರ್ವಿಸ್ ಚಾರ್ಜ್‌ನಲ್ಲಿ ನಿಮ್ಮ ಪಾಲು, ವಾಪಸ್ ಟಿಕೆಟ್, ಎರಡೂ ಕರಾರಿನಲ್ಲಿ ಇರಲಿ.

ಬ್ಯಾಗ್ ಕಟ್ಟುವಾಗ ಶರಣಬಸವೇಶ್ವರರ ಮೂರ್ತಿ ಇಡಬೇಡಿ, ಪೂಜೆಯ ವಿಗ್ರಹಗಳನ್ನು ಮಾಲ್ಡೀವ್ಸ್ ಕಸ್ಟಮ್ಸ್ ಒಳಗೆ ಬಿಡುವುದಿಲ್ಲ. ಶೇಂಗಾ ಹಿಂಡಿ, ಕಡಕ್ ರೊಟ್ಟಿ ಒಯ್ಯುವುದಿದ್ದರೆ ಬಿಗಿ ಮುಚ್ಚಳದ ಡಬ್ಬಿ ಬೇಕು. ತೆರೆದಿಟ್ಟ ರೊಟ್ಟಿ ಆ ಹವೆಗೆ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತದೆ.