ಮುಧೋಳ ಮರಿ ಅಂತ ಗ್ರೇಹೌಂಡ್ ಕ್ರಾಸ್ ಕೊಟ್ಟು ಕಳಿಸಿದ, ನೀವಾದರೂ ಹುಷಾರಾಗಿರಿ

18,000 ರೂಪಾಯಿ ಕೊಟ್ಟೆ. ಮುಧೋಳ ನಾಯಿ ಮರಿ ಅಂತ. ಬಂದದ್ದು ಮುಧೋಳ ಅಲ್ಲ, ಓಟದ ವಿದೇಶಿ ನಾಯಿ ಗ್ರೇಹೌಂಡ್ ಬೆರೆತ ಮರಿ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ನಾಚಿಕೆಯಾಗಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬೇಟೆ ನಾಯಿ ಇದ್ದವು. ಅಂಥ ಮನೆಯವನೇ ಮೋಸ ಹೋದ ಅಂದರೆ ಊರಲ್ಲಿ ಏನಂದಾರು ಅಂತ ಬಾಯಿ ಮುಚ್ಚಿಕೊಂಡಿದ್ದೆ. ಮೊನ್ನೆ ಅದೇ ಮನುಷ್ಯ ಮತ್ತೆ ಮರಿ ಮಾರುತ್ತಿರುವುದು ಕಣ್ಣಿಗೆ ಬಿತ್ತು. ಅದೇ ಫೋಟೋ, ಅದೇ ಮಾತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕುಷ್ಟಗಿ ಕಡೆಯ ಹಳ್ಳಿ. ಎಪ್ಪತ್ತು ಕುರಿ ಇವೆ. ರಾತ್ರಿ ಹಟ್ಟಿಗೆ ಬೀದಿನಾಯಿ ನುಗ್ಗುತ್ತವೆ, ಒಂದೊಂದು ಸಲ ತೋಳದ ಕಾಟ, ಈಗೀಗ ಕುರಿ ಕಳ್ಳರೂ ಜಾಸ್ತಿ ಆಗಿದ್ದಾರೆ. ಹಗಲು ಕುರಿ ಜೊತೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯಬೇಕು, ರಾತ್ರಿ ಎದ್ದು ಕೂತಿರಬೇಕು, ಅಂಥ ನಾಯಿ ಬೇಕಿತ್ತು. ಅಂದರೆ ಮುಧೋಳ. ಬೇರೆ ಯೋಚನೆಯೇ ಬರಲಿಲ್ಲ.

ಅಜ್ಜ ಮೊಲದ ಬೇಟೆಗೆ ನಾಯಿ ಸಾಕಿದವನು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದೆಲ್ಲ ಬಿಟ್ಟ, ನಾಯಿ ಮಾತ್ರ ಬಿಡಲಿಲ್ಲ. ಅವನು ನಾಯಿ ನೋಡುವ ರೀತಿಯೇ ಬೇರೆ ಇತ್ತು. ಎಷ್ಟು ಜೋರಾಗಿ ಓಡಿತು ಅಂತ ನೋಡುತ್ತಲೇ ಇರಲಿಲ್ಲ. ಓಡಿ ಬಂದ ಮೇಲೆ ಉಸಿರು ಎಷ್ಟು ಹೊತ್ತಿಗೆ ಕೂಡಿತು ಅಂತ ನೋಡುತ್ತಿದ್ದ. ಆಮೇಲೆ ಪಾದ ಎತ್ತಿ ಹೆಬ್ಬೆರಳಿನಿಂದ ಒತ್ತುತ್ತಿದ್ದ, ಚಕ್ಕಡಿ ಎತ್ತಿನ ಗೊರಸು ನೋಡುವ ಹಾಗೆ. ಆಮೇಲೆ ಒಂದು ಕೂಗು. ಕೂಗಿದ ತಕ್ಷಣ ತಿರುಗಿ ಬರದ ನಾಯಿ, ಅದು ಗಾಳಿ ಹಾಗೆ ಓಡಲಿ, ಅದನ್ನು ನಾಯಿ ಅಂತಲೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉಸಿರು, ಪಾದ, ಕಿವಿಗೆ ಬಿದ್ದ ಮಾತು ಕೇಳುವ ಬುದ್ಧಿ. ಇಷ್ಟೆಲ್ಲ ನೋಡಿ ಬೆಳೆದವನು ನಾನು. ಫೋನಿನ ಪರದೆ ನೋಡಿ ಎಲ್ಲಾ ಮರೆತೆ.

ಮೊದಲು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿದ್ದೆ. ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು ಅದು. ಹೆಸರು ಬರೆಸಿ ಕಾಯಿರಿ ಅಂದರು. ನನಗೆ ಕಾಯುವ ತಾಳ್ಮೆ ಇರಲಿಲ್ಲ. ಇದೇ ನನ್ನ ಮೊದಲ ತಪ್ಪು, ಒಪ್ಪಿಕೊಳ್ಳುತ್ತೇನೆ. ಅಷ್ಟರಲ್ಲಿ ಪರಿಚಯದವರೊಬ್ಬರು ಈ ಮನುಷ್ಯನ ನಂಬರ್ ಕೊಟ್ಟರು.

ಎಂಥ ಮಾತು ಅವನದು! "ಸರ, ನಮ್ಮ ಮನ್ಯಾಗ ನಾಕು ತಲಿಮಾರಿನಿಂದ ಇದ ನಾಯಿ ಅದಾವ್ರಿ. ಘೋರ್ಪಡೆ ಮಹಾರಾಜರ ಕಾಲದ ರಕ್ತ." ಘೋರ್ಪಡೆ ಅಂದರೆ ಮುಧೋಳ ಆಳಿದ ಅರಸು ಮನೆತನ. ಮುಧೋಳ ನಾಯಿ ಚಿತ್ರ 2005ರ ಅಂಚೆ ಚೀಟಿಯಲ್ಲಿ ಬಂದದ್ದು, ಸೈನ್ಯದವರು ಮೀರತ್‌ನ ತಮ್ಮ ನಾಯಿ ತರಬೇತಿ ಕೇಂದ್ರಕ್ಕೆ ಮರಿ ತೆಗೆದುಕೊಂಡು ಹೋದದ್ದು, 2020ರಲ್ಲಿ ಪ್ರಧಾನಿ ಮನ್ ಕಿ ಬಾತ್‌ನಲ್ಲಿ ಹೆಸರು ಹೇಳಿದ್ದು, ಎಲ್ಲಾ ಹೇಳಿದ. ಅದೆಲ್ಲ ನಿಜವೇ. ಆದರೆ ತಳಿಗೆ ಸಿಕ್ಕ ಮರ್ಯಾದೆಗೂ ಇವನ ಬುಟ್ಟಿಯಲ್ಲಿರುವ ಮರಿಗೂ ಏನು ಸಂಬಂಧ? ಆಗ ಅದು ಹೊಳೆಯಲಿಲ್ಲ. ನಿಜದ ಮಾತು ನಾಲ್ಕು ಹೇಳಿ ಐದನೆಯದಾಗಿ ಸುಳ್ಳು ಸೇರಿಸಿದರೆ ನಾವು ಐದನ್ನೂ ನಂಬಿಬಿಡುತ್ತೇವೆ.

ತಾಯಿಯ ಫೋಟೋ ಕಳಿಸಿದ. ಕಂದು ಬಣ್ಣದ ಹೆಣ್ಣು ನಾಯಿ, ಉದ್ದ ಮೂತಿ, ಆಳದ ಎದೆ, ಹೊಟ್ಟೆ ಮೇಲಕ್ಕೆ ಎಳೆದು ಕಟ್ಟಿದ ಹಾಗೆ. ಕಿವಿ ತಲೆಗೆ ಅಂಟಿಕೊಂಡು ಎಲೆ ಹಾಗೆ ಇಳಿಬಿದ್ದಿದ್ದವು. ಹಿಂದೆ ನೀಲಿ ಪ್ಲಾಸ್ಟಿಕ್ ಡ್ರಮ್, ಅದಕ್ಕೆ ಬಿಳಿ ಹಗ್ಗ ಸುತ್ತಿದೆ, ಗೋಡೆ ಬಿರುಕು ಬಿಟ್ಟಿದೆ. ನೋಡಿದ ಕೂಡಲೇ ಗೊತ್ತಾಯಿತು, ಅಪ್ಪಟ ಮುಧೋಳ. ನಾಯಿ ಅಪ್ಪಟವೇ ಇತ್ತು. ಅದು ಅವನದಲ್ಲ ಅಷ್ಟೇ.

ತಂದೆ ಅಂತ ಒಂದು ವಿಡಿಯೋ ಕಳಿಸಿದ. ಬಯಲಲ್ಲಿ ಮೊಲದ ಹಿಂದೆ ನಾಯಿ ಬಿಟ್ಟ ವಿಡಿಯೋ. ಈಗಲೂ ಅದನ್ನು ನೆನೆಸಿದರೆ ಸಿಟ್ಟು ಬರುತ್ತದೆ. ಮೊಲ ಹಿಡಿಸುವುದು ಅಪರಾಧ. ಅಪರಾಧವನ್ನು ವಿಡಿಯೋ ಮಾಡಿ ಗಿರಾಕಿಗೆ ತೋರಿಸುವವನು ಮರಿ ವಿಷಯದಲ್ಲಿ ಪ್ರಾಮಾಣಿಕನಾಗಿರುತ್ತಾನಾ? ಆವತ್ತೇ ಫೋನ್ ಇಡಬೇಕಿತ್ತು. ನಾನೋ, ಆ ನಾಯಿಯ ವೇಗ ನೋಡಿ 5,000 ಮುಂಗಡ ಕಳಿಸಿದೆ.

ಏಪ್ರಿಲ್ ಬಿಸಿಲು. ಇಳಕಲ್, ಬಾಗಲಕೋಟೆ, ಲೋಕಾಪುರ ದಾಟಿ ಹೋದೆ. ಇನ್ನೇನು ಊರು ಬಂತು ಅನ್ನುವಾಗ ಫೋನ್. "ಸರ, ಊರಾಗ ಜಾತ್ರಿ ಐತ್ರಿ, ರಸ್ತಾ ಬಂದ್ ಮಾಡ್ಯಾರ. ನೀವು ಧಾಬಾ ಹತ್ರ ನಿಲ್ರಿ, ನಾನ ಮರಿ ತರ್ತೇನಿ." ತಾಯಿ ನೋಡಬೇಕಿತ್ತಲ್ಲ ಅಂದೆ. "ತಾಯಿ ಈಗ ಕಚ್ಚತಾಳ್ರಿ, ಮರಿ ಬಿಡಿಸ್ಕೊಂಡ್ವಿ ಅಂತ ಸಿಟ್ಟಿನ್ಯಾಗ ಅದಾಳ. ಇನ್ನೊಮ್ಮಿ ಬರ್ರಿ, ಊಟಾನ ಮಾಡ್ಕೊಂಡ ಹೋಗೀರಂತ." ಎಷ್ಟು ಪ್ರೀತಿಯಿಂದ ಹೇಳಿದ ಅಂದರೆ ಮರುಮಾತಾಡಲು ಸಂಕೋಚ ಆಯಿತು.

ಬೈಕಿನ ಮುಂದೆ ಬುಟ್ಟಿ, ಬುಟ್ಟಿಯಲ್ಲಿ ಎರಡು ಮರಿ. 45 ದಿನದವು ಅಂದ. ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟ. ಬೆಚ್ಚಗಿತ್ತು, ನನ್ನ ಬೆರಳು ಚೀಪಿತು. ಇಲ್ಲೇ ಆಗುವುದು ನೋಡಿ. ಮರಿ ಕೈಗೆ ಬಂದ ಮೇಲೆ ವಾಪಸ್ ಕೊಡುವ ಮನಸ್ಸು ಯಾರಿಗೆ ಬರುತ್ತದೆ? ಇನ್ನು 45 ದಿನದ ಮರಿ ನೋಡಿ ಅಪ್ಪಟವೋ ಕ್ರಾಸೋ ಅಂತ ಹೇಳಲು ದೇವರಿಂದಲೂ ಆಗಲ್ಲ. ಎಲ್ಲಾ ದುಂಡಗೆ, ಎಲ್ಲದರ ಕಿವಿಯೂ ಜೋಲು. ತಾಯಿ ತಂದೆ ನೋಡಿದರೆ ಮಾತ್ರ ಗೊತ್ತಾಗುವುದು, ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಉಳಿದ 13,000 ಎಣಿಸಿ ಕೊಟ್ಟೆ. ಕೆಸಿಐ, ಅಂದರೆ ಕೆನಲ್ ಕ್ಲಬ್ ಆಫ್ ಇಂಡಿಯಾ, ಅವರ ತಳಿ ನೋಂದಣಿ ಕಾಗದ ಕೇಳಿದೆ. "ಹದಿನೈದು ದಿನದಾಗ ಪೋಸ್ಟಿಗೆ ಹಾಕ್ತೇನ್ರಿ."

ಮನೆಗೆ ಬಂದು ರಾತ್ರಿ ಲಸಿಕೆ ಕಾರ್ಡು ತೆಗೆದು ನೋಡಿದೆ. ಹುಟ್ಟಿದ ದಿನ ಮಾರ್ಚ್ 3. ಮೊದಲ ಲಸಿಕೆ ಮಾರ್ಚ್ 20. ಎರಡು ಸಲ ಓದಿದೆ. ಹದಿನೇಳು ದಿನದ ಮರಿಗೆ ಯಾರು ಲಸಿಕೆ ಹಾಕುತ್ತಾರೆ? ಮರಿಗಳಿಗೆ ಬರುವ ಭೇದಿ ರೋಗ ಪಾರ್ವೋ, ಅದರ ಲಸಿಕೆ ಹಾಕುವುದು ಆರು ವಾರ ಆದ ಮೇಲೆ. ಬೇರೆ ಯಾವುದೋ ನಾಯಿಯ ಸ್ಟಿಕ್ಕರ್ ಕಿತ್ತು ಇಲ್ಲಿ ಅಂಟಿಸಿದ್ದಾನೆ, ಸ್ಟಿಕ್ಕರಿನ ಒಂದು ಮೂಲೆ ಹರಿದಿತ್ತು, ಕೆಳಗೆ ಹಳೇ ಗೋಂದು. ಆ ದೀಪದ ಕೆಳಗೆ ಕಾರ್ಡು ಹಿಡಿದು ಕೂತಿದ್ದೆನಲ್ಲ, ಹೊಟ್ಟೆಯೊಳಗೆ ಏನೋ ಕಲಸಿದ ಹಾಗಾಯಿತು. ಹೆಂಡತಿ ಏನಾಯಿತು ಅಂದಳು. ಏನಿಲ್ಲ ಅಂದೆ. ನಾಲ್ಕನೇ ದಿನ ಮರಿಗೆ ಭೇದಿ ಶುರುವಾಯಿತು, ಒಂದು ವಾರ ಡ್ರಿಪ್ ಹಾಕಿಸಿ ಉಳಿಸಿಕೊಂಡೆವು.

ಫೋನ್ ಮಾಡಿದೆ. "ಬರೀವಾಗ ತಪ್ಪಾಗಿರತೈತ್ರಿ, ಡಾಕ್ಟರ ಕೈಬರಹ." ಕಾಗದ? "ಬರಾಕತ್ತೈತ್ರಿ." ಕಾಗದ ಕೊನೆಗೂ ಬಂತು, ಪೋಸ್ಟಿನಲ್ಲಲ್ಲ, ಫೋನಿಗೆ ಫೋಟೋ. ಬಣ್ಣದ ಅಂಚು, ನಡುವೆ ನಾಯಿ ಚಿತ್ರ, ಕೆಳಗೆ "ಶುದ್ಧ ಮುಧೋಳ ತಳಿ" ಅಂತ. ಮೈಕ್ರೋಚಿಪ್ ನಂಬರ್ ಇಲ್ಲ, ತಂದೆ ತಾಯಿ ವಂಶಾವಳಿ ಇಲ್ಲ. ಝೆರಾಕ್ಸ್ ಅಂಗಡಿಯಲ್ಲಿ ಯಾರು ಬೇಕಾದರೂ ಮಾಡಿಸಬಹುದು ಅಂಥದ್ದು.

ಆದರೂ ಮನಸ್ಸಿಗೆ ಒಂದು ಆಸೆ. ಕಾಗದ ಸುಳ್ಳಾದರೂ ನಾಯಿ ನಿಜ ಇರಬಹುದಲ್ಲ ಅಂತ. ಆರು ತಿಂಗಳಿಗೆ ಆ ಆಸೆಯೂ ಹೋಯಿತು. ಕಿವಿ ಇಳಿಬೀಳಲಿಲ್ಲ, ಹಿಂದಕ್ಕೆ ಮಡಚಿಕೊಂಡು ಕುತ್ತಿಗೆಗೆ ಒರಗಿದವು. ತೊಡೆ ಉಬ್ಬಿದವು, ಬೆನ್ನು ಬಿಲ್ಲಿನ ಹಾಗೆ ಬಾಗಿತು. ಓಟ? ಅಬ್ಬಾ, ಕಣ್ಣು ಹಿಡಿಯಲಾಗದು. ಆದರೆ ಒಂದೇ ಓಟ. ಅರ್ಧ ನಿಮಿಷ ಓಡಿ ಬಂದು ಬೇವಿನ ಮರದ ಕೆಳಗೆ ಬಿದ್ದರೆ ನಾಲಿಗೆ ಒಳಗೆ ಹೋಗಲು ಮುಕ್ಕಾಲು ಗಂಟೆ. ಕುರಿ ಜೊತೆ ಮೂರನೇ ಕಿಲೋಮೀಟರಿಗೆ ಕುಂಟಲು ಶುರು. ಪಾದ ಎತ್ತಿ ನೋಡಿದೆ, ಅಜ್ಜನ ಹಾಗೆ ಹೆಬ್ಬೆರಳಿನಿಂದ ಒತ್ತಿದೆ. ಮೆತ್ತಗೆ, ಹಸಿ ಹಸಿ, ಎರಡು ಕಡೆ ಚರ್ಮ ಕಿತ್ತು ರಕ್ತ. ನಮ್ಮ ಮರಡಿ ಕಲ್ಲಿನ ಮೇಲೆ ನಡೆಯುವ ಪಾದವೇ ಅಲ್ಲ ಅದು. ಒಂದು ದಿನ ಜಾಲಿ ಮುಳ್ಳು ತಾಗಿ ಪಕ್ಕೆ ಒಂದು ಗೇಣು ಹರಿಯಿತು, ಕಾಗದ ಹರಿದ ಹಾಗೆ. ಹೊಲಿಗೆ ಹಾಕಿದ ಡಾಕ್ಟರು ಮೆಲ್ಲಗೆ ಕೇಳಿದರು, "ಇದರಲ್ಲಿ ಗ್ರೇಹೌಂಡ್ ಇದೆ, ನಿಮಗೆ ಗೊತ್ತಲ್ವಾ?"

ಗೊತ್ತು ಅಂದೆ. ಸುಳ್ಳು ಹೇಳಿದೆ, ಗೊತ್ತಿದ್ದೇ ಕೊಂಡು ತಂದಿದ್ದೇನೆ ಅನ್ನುವ ಹಾಗೆ. ಅಷ್ಟು ಅವಮಾನ ಆಗಿತ್ತು.

ಯಾಕೆ ಹೀಗೆ ಮಾಡುತ್ತಾರೆ ಅಂದರೆ ನಾಯಿ ಓಟದ ಸ್ಪರ್ಧೆ. ರಾಜ್ಯದ ಗಡಿ ಆಚೆ ಈಚೆ ಎರಡೂ ಕಡೆ ನಡೆಯುತ್ತದೆ. ನೇರ ಪಟ್ಟಿಯಲ್ಲಿ ನಾನ್ನೂರು ಐನೂರು ಮೀಟರ್ ಗೆಲ್ಲಲು ಗ್ರೇಹೌಂಡ್ ರಕ್ತ ಬೇಕು, ಅದಕ್ಕೆ ಕ್ರಾಸ್ ಮಾಡುತ್ತಾರೆ. ಓಟಕ್ಕೆ ಆಗದ ಮರಿಗಳು ನಮ್ಮಂಥವರ ಕೈಗೆ ಮುಧೋಳ ಅಂತ ಬರುತ್ತವೆ.

ಡಾಕ್ಟರು ಹೇಳಿದ ದಿನವೇ ಅವನಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ದನಿಯೇ ಬೇರೆ. ಸರ ಹೋಯಿತು, ರೀ ಹೋಯಿತು. "ಓಡತೈತಿಲ್ಲೋ? ಮತ್ತೇನ ಬೇಕು ನಿನಗ? ನಾಯಿ ಸಾಕಾಕ ಬರಲ್ಲ, ನನ್ನ ಮ್ಯಾಲ ಹಾಕತಿ." ನಾಯಿ ಸಾಕಲು ಬರಲ್ಲ ಅಂತ! ನನಗೆ! ತಾಯಿ ತೋರಿಸು, ಈಗಲೇ ಬರುತ್ತೇನೆ ಅಂದೆ. "ತಾಯಿ ಸತ್ತಾಳ." ತಂದೆ? "ಮಾರೇನಿ." ಆಮೇಲೆ ಒಂದು ಪಾಠ ಬೇರೆ. "ವಿದೇಶದಾಗ ಕ್ರಾಸ್ ಮಾಡೇ ಬೇಟಿ ನಾಯಿ ಮಾಡ್ತಾರ. ಲರ್ಚರ್ ಅಂತಾರ. ಅದ ಬಾಳ ಚಲೋ ನಾಯಿ. ತಿಳ್ಕೊ ಮೊದಲ."

ತಿಳಿದುಕೊಂಡೆ. ಲರ್ಚರ್ ನಿಜವಾಗಿಯೂ ಇದೆ. ಇಂಗ್ಲೆಂಡ್, ಐರ್ಲೆಂಡ್‌ನಲ್ಲಿ ಗ್ರೇಹೌಂಡ್ ಅಥವಾ ಅದರ ಹಾಗೇ ಇರುವ ಸಣ್ಣ ಓಟದ ನಾಯಿ ವಿಪ್ಪೆಟ್‌ಗೆ ಕುರಿ ಕಾಯುವ ಕೋಲಿ, ಇಲ್ಲವೇ ಟೆರಿಯರ್ ಸೇರಿಸಿ ಮಾಡುವ ದುಡಿಯುವ ನಾಯಿ. ಅಲ್ಲಿ ಯಾಕೆ ಸೇರಿಸುತ್ತಾರೆ? ಬರೀ ಗ್ರೇಹೌಂಡ್‌ಗೆ ದಮ್ಮು ಸಾಲದು, ಪಾದ ಸಾಲದು, ಚರ್ಮ ತೆಳು, ಅದಕ್ಕೇ. ಓಟ ಗ್ರೇಹೌಂಡಿನಿಂದ ಬರಲಿ, ಬುದ್ಧಿ ಮತ್ತು ಗಟ್ಟಿ ಮೈ ಕೋಲಿಯಿಂದ ಬರಲಿ ಅಂತ. ಮಾರುವಾಗ ಯಾವುದಕ್ಕೆ ಯಾವುದು ಸೇರಿದೆ, ಎಷ್ಟು ಪಾಲು ಸೇರಿದೆ ಅಂತ ಹೇಳಿಯೇ ಮಾರುವವರು ಅಲ್ಲಿದ್ದಾರೆ. ಮುಧೋಳಕ್ಕೆ ಆ ದಮ್ಮು, ಆ ಪಾದ, ಆ ಬುದ್ಧಿ ಹುಟ್ಟಿನಿಂದಲೇ ಇದೆ. ಬಿಸಿಲು, ಕಲ್ಲು, ಅರೆಹೊಟ್ಟೆ, ಇದರಲ್ಲೇ ತಲೆತಲಾಂತರ ಗಟ್ಟಿಯಾದ ನಾಯಿ. ಇದಕ್ಕೆ ಗ್ರೇಹೌಂಡ್ ಸೇರಿಸಿದರೆ, ಅಲ್ಲಿಯವರು ಕಷ್ಟಪಟ್ಟು ತೆಗೆದುಹಾಕುವ ಕೊರತೆಯನ್ನೇ ಇಲ್ಲಿ ತಂದು ತುಂಬಿದ ಹಾಗೆ. ಕ್ರಾಸ್ ಅಂತ ಹೇಳಿ ಮಾರಿದ್ದರೆ ನನ್ನದೇನೂ ತಕರಾರಿಲ್ಲ, ಬೇಕಾದವರು ಕೊಳ್ಳುತ್ತಾರೆ. ಹೇಳಲಿಲ್ಲ. ನಾನು ಬಾಯಿಬಿಟ್ಟು ಕೇಳಿದರೂ ಹೇಳಲಿಲ್ಲ.

ಇದನ್ನೇ ಮೆಸೇಜ್ ಮಾಡಿದೆ, ಅರ್ಧ ದುಡ್ಡಾದರೂ ಕೊಡು ಅಂದೆ. "ನಾಯಿ ವಾಪಸ್ ತಂದ ಬಿಡ, 3,000 ಕೊಡ್ತೇನಿ" ಅಂತ ಉತ್ತರ. ಅದೇ ಕೊನೆ, ಆಮೇಲೆ ಬ್ಲಾಕ್.

ನಾಯಿ ವಾಪಸ್ ಕೊಡಲಿಲ್ಲ. ಕೊಡುವುದೂ ಇಲ್ಲ. ಅದರದೇನು ತಪ್ಪು? ಕುರಿ ಹಿಂದೆ ಈಗ ಕಳಿಸುವುದಿಲ್ಲ, ಹಟ್ಟಿಯಲ್ಲೇ ಇರುತ್ತದೆ, ಚಳಿಗಾಲದಲ್ಲಿ ಗೋಣಿಚೀಲ ಹೊದಿಸುತ್ತೇವೆ. ಮಗಳು ಎಲ್ಲಿ ಹೋದರೂ ಹಿಂದೆ. ಬಂದವರು ಇದು ಯಾವ ಜಾತಿ ಅಂತ ಕೇಳಿದಾಗ ಮಾತ್ರ ನನ್ನ ಮುಖ ಬಿಸಿಯಾಗುತ್ತದೆ.

ಕೊಳ್ಳುವವರಿಗೆ ನಾನು ಹೇಳುವುದು ಜಾಸ್ತಿ ಏನಿಲ್ಲ. ತಾಯಿಯನ್ನು ಅದರ ಮನೆಯಲ್ಲೇ ನೋಡಿ, ಮರಿ ಅದರ ಮೊಲೆ ಕುಡಿಯುವುದನ್ನು ನೋಡಿ. ಹೈವೇಗೆ ತಂದುಕೊಡುತ್ತೇನೆ ಅಂದರೆ ಗಾಡಿ ತಿರುಗಿಸಿ. ಜಾತ್ರೆ ಇದ್ದರೆ ಜಾತ್ರೆ ಮುಗಿದ ಮೇಲೆ ಹೋಗಿ. ತಿಮ್ಮಾಪುರದಲ್ಲಿ ಕಾಯಿರಿ ಅಂದರೆ ಕಾಯಿರಿ, ನನ್ನ ಹಾಗೆ ಅವಸರ ಮಾಡಬೇಡಿ. ತಿಂಗಳುಗಟ್ಟಲೆ ಕಾದರೂ ಪರವಾಗಿಲ್ಲ, ಹತ್ತು ಹನ್ನೆರಡು ವರ್ಷ ಜೊತೆಗಿರುವ ಜೀವ ಅದು.

ಅವನು ಈಗ ಬೇರೆ ಹೆಸರಿನಲ್ಲಿ, ಬೇರೆ ನಂಬರಿನಿಂದ ಮಾರುತ್ತಿದ್ದಾನೆ. ಈಗ 22,000 ಹೇಳುತ್ತಿದ್ದಾನಂತೆ. ನನಗೆ ಸತ್ತಳು ಅಂತ ಹೇಳಿದ ಆ ತಾಯಿ ಮೊನ್ನೆಯ ಜಾಹೀರಾತಿನಲ್ಲಿ ಮತ್ತೆ ಐದು ಮರಿ ಹಾಕಿದ್ದಾಳೆ. ಕಂದು ಹೆಣ್ಣು ನಾಯಿ, ಹಿಂದೆ ಬಿಳಿ ಹಗ್ಗ ಸುತ್ತಿದ ನೀಲಿ ಡ್ರಮ್, ಬಿರುಕು ಬಿಟ್ಟ ಗೋಡೆ. ಆ ಫೋಟೋ ನಿಮ್ಮ ಫೋನಿಗೆ ಬಂದರೆ ಮುಂಗಡ ಕಳಿಸಬೇಡಿ.